ಹರಿಹರದಲ್ಲಿ ಒಂದು ರಾತ್ರಿ, ಮರುದಿನ ಒಂದು ಬುಧವಾರ

2018ರ ಫೆಬ್ರುವರಿಯಲ್ಲಿ ಪಂಚಾಂಗವೂ ಕ್ಯಾಲೆಂಡರೂ ಸೇರಿ ಒಂದು ಚಮತ್ಕಾರ ಮಾಡಿದ್ದವು. 13ನೇ ತಾರೀಕು ಮಂಗಳವಾರ ಮಹಾಶಿವರಾತ್ರಿ. ಮರುದಿನ, 14ರಂದು, ಕ್ಯಾಥೊಲಿಕರ ವಿಭೂತಿ ಬುಧವಾರ, ಅಂದರೆ ಈಸ್ಟರಿಗೆ ಮುಂಚಿನ ಅವರ ತಪಸ್ಸುಕಾಲದ ಮೊದಲ ದಿನ. ಎರಡೂ ಉಪವಾಸದ ದಿನಗಳೇ, ಎರಡರಲ್ಲೂ ಹಣೆಗೆ ಬೂದಿ. ಇವೆರಡನ್ನೂ ಒಂದೇ ಊರಿನಲ್ಲಿ ನೋಡುವುದಾದರೆ ಹರಿಹರವೇ ಸರಿ ಅನ್ನಿಸಿತು. ಅಲ್ಲಿ ಹರಿಹರೇಶ್ವರನೂ ಇದ್ದಾನೆ, ಚರ್ಚಿನಲ್ಲಿ ಆರೋಗ್ಯ ಮಾತೆ ಮರಿಯಮ್ಮನೂ ಇದ್ದಾಳೆ. ಜೊತೆಗೆ ಅಲ್ಲಿ ನಮ್ಮ ಪರಿಚಯದ ಹಿರಿಯರೊಬ್ಬರಿದ್ದಾರೆ. ನಿವೃತ್ತ ನರ್ಸ್, ಕ್ಯಾಥೊಲಿಕರು, ಮಾತಿನಲ್ಲಿ ಅಪ್ಪಟ ದಾವಣಗೆರೆಯವರು. "ಬರ್ರಿ, ಬಂದು ನೋಡ್ರಿ, ಅದಕ್ಯಾಕೆ ಇಷ್ಟು ಯೋಚನೆ" ಅಂದರು.

ದಾವಣಗೆರೆಯಲ್ಲಿ ಇಳಿದು ಬೆಣ್ಣೆದೋಸೆ ತಿನ್ನದೆ ಮುಂದಕ್ಕೆ ಹೋಗುವುದೇ ಒಂದು ತಪಸ್ಸು. ನಾನು ಅಷ್ಟು ದೊಡ್ಡ ವ್ರತಸ್ಥನಲ್ಲ, ತಿಂದೇ ಹರಿಹರದ ಬಸ್ಸು ಹತ್ತಿದೆ. ಒಂದು ಕಾಲದಲ್ಲಿ ಇದೆಲ್ಲ ಚಿತ್ರದುರ್ಗ ಜಿಲ್ಲೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾದ ಮೇಲೆ ಹರಿಹರ ಇತ್ತ ಸೇರಿತು. ತುಂಗಭದ್ರೆಯ ಸೇತುವೆ ದಾಟಿದರೆ ಹಾವೇರಿ ಜಿಲ್ಲೆ ಶುರು. ಫೆಬ್ರುವರಿಯ ಹೊಳೆ ಸೊರಗಿತ್ತು. ಬಂಡೆಗಳ ನಡುವೆ ನೀರು ಎಲ್ಲೆಲ್ಲೋ ಉಳಿದಿತ್ತು, ಅಲ್ಲೇ ಜನ ಸ್ನಾನಕ್ಕೆ ಇಳಿದಿದ್ದರು.

ಹರಿಹರೇಶ್ವರ ದೇವಾಲಯ 1223-24ರಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ಮಂತ್ರಿ ಪೋಲಾಳ್ವ ಕಟ್ಟಿಸಿದ್ದು. 1268ರಲ್ಲಿ ದಂಡನಾಯಕ ಸೋಮ ಒಂದಿಷ್ಟು ಸೇರಿಸಿದ. ಸೋಮನಾಥಪುರ ಕಟ್ಟಿಸಿದ ಸೋಮನೇ ಇವನು. ಕಡೆದ ಕಂಬಗಳ ತೆರೆದ ಮಂಟಪದಲ್ಲಿ ಅವತ್ತು ಕಾಲಿಡಲು ಜಾಗವಿರಲಿಲ್ಲ. ಗರ್ಭಗುಡಿಯಲ್ಲಿ ಒಂದೇ ಮೂರ್ತಿ, ಬಲಭಾಗ ಹರ, ಎಡಭಾಗ ಹರಿ. ಗುಹಾಸುರನಿಗೆ ಹರಿಯಿಂದಲೂ ಸಾವಿಲ್ಲ, ಹರನಿಂದಲೂ ಸಾವಿಲ್ಲ ಎಂಬ ವರವಿತ್ತಂತೆ. ಅದಕ್ಕೆ ಇಬ್ಬರೂ ಸೇರಿ ಒಂದೇ ದೇಹವಾಗಿ ಬಂದರಂತೆ. ಕಥೆ ಗೊತ್ತಿದ್ದದ್ದೇ.

ರಾತ್ರಿ ಹನ್ನೊಂದರ ಮೇಲೆ ಮಂಟಪದ ಹೊರಗೆ, ಟ್ಯೂಬ್‌ಲೈಟಿನ ಕೆಳಗೆ, ಒಬ್ಬ ಅಜ್ಜ ನಿದ್ದೆ ತಡೆಯುವುದಕ್ಕೆಂದೇ ಹೆಂಗಸರಿಗೂ ಮಕ್ಕಳಿಗೂ ಬೇಡನ ಕಥೆ ಹೇಳುತ್ತಿದ್ದರು. ಬೇಡ ನಾಯಕರು ಆಳಿದ ಸೀಮೆಯಲ್ಲಿ ಈ ಕಥೆಗೆ ಬೇರೆಯೇ ಖದರು. ಬೇಟೆ ಸಿಗದೆ ಕತ್ತಲಾಗಿ ಬಿಲ್ವದ ಮರ ಹತ್ತಿದವನು, ತೂಕಡಿಕೆ ತಪ್ಪಿಸಲು ಎಲೆ ಕಿತ್ತು ಕಿತ್ತು ಕೆಳಗೆ ಹಾಕಿದ, ಕೆಳಗೆ ಲಿಂಗವಿತ್ತು. ನಾನು ಚಿಕ್ಕಂದಿನಿಂದ ಕೇಳಿದ್ದು ಇಷ್ಟೇ. ಅಜ್ಜ ಇಲ್ಲಿಗೆ ನಿಲ್ಲಿಸಲಿಲ್ಲ. ನೀರಿಗೆ ಬಂದ ಜಿಂಕೆ ಬಾಣ ಕಂಡು, "ಮರಿಗಳನ್ನು ಒಪ್ಪಿಸಿ ಬರ್ತೀನಿ, ಆಮೇಲೆ ಕೊಲ್ಲು" ಅಂದಿತು. ಬೇಡ ಬಿಟ್ಟ. ಇನ್ನೊಂದು ಬಂತು, ಅದನ್ನೂ ಬಿಟ್ಟ. ಬೆಳಗಾಗುವ ಹೊತ್ತಿಗೆ ಕೊಟ್ಟ ಮಾತಿಗೆ ತಪ್ಪದೆ ಎಲ್ಲವೂ ಮರಿಗಳ ಸಮೇತ ಮರದ ಕೆಳಗೆ ಬಂದು ನಿಂತವು. ಆಗ ಅವನ ಕೈಯಿಂದ ಬಿಲ್ಲು ಜಾರಿತು.

"ಪ್ರಾಣಿಗೆ ಇರೋ ನಿಯತ್ತು ನನಗಿಲ್ಲಲ್ಲ ಅಂದ್ಕಂಡ" ಎಂದು ಅಜ್ಜ ಒಂದು ಗುಟುಕು ನೀರು ಕುಡಿದರು. ನನಗೆ ಹಿಡಿಸಿದ್ದು ಇದು: ಬೇಡನಿಗೆ ಉಪದೇಶ ಮಾಡಿದ್ದು ಋಷಿಯಲ್ಲ, ಅವನು ತಿನ್ನಬೇಕೆಂದಿದ್ದ ಜಿಂಕೆ. ಇಂಥ ಬಾಯಿಂದ ಬಂದ ಮಾತನ್ನು ಕೇಳಿಸಿಕೊಳ್ಳಲು ಎಷ್ಟು ಬಾಗಬೇಕು!

ಬೆಳಗಿನ ಬಲಿಪೂಜೆಗೆ, ಅಂದರೆ ಚರ್ಚಿನ ಮಾಸ್‌ಗೆ, ಆರೋಗ್ಯ ಮಾತೆಯ ದೇವಾಲಯಕ್ಕೆ ಹೋದಾಗ ಕಣ್ಣು ಉರಿಯುತ್ತಿತ್ತು. ಆಗಿನ್ನೂ ಅದಕ್ಕೆ ಬೆಸಿಲಿಕಾ ಎಂಬ ಪಟ್ಟ ಬಂದಿರಲಿಲ್ಲ, ಅದು ಆಮೇಲೆ ಬಂತು. ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರಿದ ಈ ದೇವಾಲಯದಲ್ಲಿ ಸೆಪ್ಟೆಂಬರ್ 8ರ ಹಬ್ಬಕ್ಕೆ ಎಲ್ಲ ಜಾತಿ ಮತದವರೂ ಹರಕೆ ಹೊತ್ತು ಬರುತ್ತಾರೆ. ಫೆಬ್ರುವರಿಯ ಬುಧವಾರ ಅಂಥ ಗದ್ದಲವಿಲ್ಲ. ಶಾಲಾ ಸಮವಸ್ತ್ರದ ಮಕ್ಕಳು, ಟಿಫಿನ್ ಬ್ಯಾಗ್ ಹಿಡಿದ ಹೆಂಗಸರು, ಪಾಳಿ ಮುಗಿಸಿ ನೇರ ಬಂದಂತಿದ್ದ ಗಂಡಸರು. ಬಾಗಿಲಲ್ಲೇ ನರ್ಸಮ್ಮ ನಿಯಮ ಹೇಳಿದರು: "ಬೂದಿ ಯಾರು ಬೇಕಾದ್ರೂ ಹಚ್ಚಿಸ್ಕೋಬಹುದು. ಪರಮ ಪ್ರಸಾದದ ರೊಟ್ಟಿಗೆ ಮಾತ್ರ ಸಾಲಲ್ಲಿ ನಿಲ್ಲಬ್ಯಾಡ್ರಿ, ಅದು ನಮ್ಮವರಿಗೆ."

ಬೂದಿ ಎಲ್ಲಿಂದ ಬರುತ್ತದೆ ಎಂದು ಕೇಳಿದೆ. ಹಿಂದಿನ ವರ್ಷದ ಗರಿಗಳ ಭಾನುವಾರ ಕೈಯಲ್ಲಿ ಹಿಡಿದು ಮೆರವಣಿಗೆ ಮಾಡಿದ್ದ ತಾಳೆ ಜಾತಿಯ ಮರದ ಗರಿಗಳನ್ನು ಜನ ಮನೆಯಲ್ಲಿ ಇಟ್ಟುಕೊಂಡಿರುತ್ತಾರೆ. ಅವನ್ನು ವಾಪಸು ತಂದು ಸುಟ್ಟರೆ ಈ ಬೂದಿ. ಯೇಸು ಜೆರುಸಲೇಮಿಗೆ ಬಂದಾಗ ಜೈಕಾರ ಹಾಕಿದ ಜನರ ನೆನಪಿಗೆ ಆ ಗರಿ. ಕೆಲವೇ ದಿನಗಳಲ್ಲಿ ಅದೇ ಊರಿನಲ್ಲಿ ಅವನನ್ನು ಶಿಲುಬೆಗೇರಿಸಲು ಕೂಗೆದ್ದಿತು. ಜೈಕಾರದ ಗರಿಯನ್ನೇ ಸುಟ್ಟು ಹಣೆಗೆ ಹಚ್ಚುವ ಯೋಚನೆ ಯಾರಿಗೆ ಮೊದಲು ಬಂತೋ, ಮನುಷ್ಯರನ್ನು ಚೆನ್ನಾಗಿ ಬಲ್ಲವರೇ ಇರಬೇಕು.

ಬೈಬಲಿನಿಂದ ಮೊದಲ ವಾಚನ ಪ್ರವಾದಿ ಯೊವೇಲನದು. ಬಟ್ಟೆ ಹರಿದುಕೊಳ್ಳಬೇಡಿ, ಹೃದಯ ಹರಿದುಕೊಳ್ಳಿ ಎಂಬ ಕರೆ. ಹಸುಗೂಸುಗಳನ್ನೂ ಕರೆತನ್ನಿ, ಮದುಮಕ್ಕಳೂ ಕೋಣೆ ಬಿಟ್ಟು ಬರಲಿ, ಯಾಜಕರೇ ಬಲಿಪೀಠದ ಮುಂದೆ ಅಳಲಿ ಅನ್ನುತ್ತದೆ. ಯಾರಿಗೂ ರಿಯಾಯಿತಿ ಇಲ್ಲ. ಅಲ್ಲೂ ಹಾಗೇ ನಡೆಯಿತು. ಜನರ ಹಣೆ ಮುಟ್ಟುವ ಮೊದಲು ಗುರುಗಳು ಇನ್ನೊಬ್ಬ ಗುರುಗಳ ಮುಂದೆ ತಲೆಬಾಗಿ ತಾವೇ ಬೂದಿ ಹಚ್ಚಿಸಿಕೊಂಡರು. ಆಮೇಲೆ ಸಾಲು. ಪ್ರತಿಯೊಬ್ಬರಿಗೂ ಒಂದೇ ಮಾತು: ಮಣ್ಣಿನಿಂದ ಬಂದಿದ್ದೀಯ, ಮಣ್ಣಿಗೇ ಸೇರುತ್ತೀಯ. ಎರಡನೇ ತರಗತಿಯ ಹುಡುಗಿಗೂ ಅದೇ, ಊರುಗೋಲಿನ ಮುದುಕನಿಗೂ ಅದೇ. ಮಗು ಹೆಬ್ಬೆರಳಿನ ಒತ್ತಡಕ್ಕೆ ಕಣ್ಣು ಮಿಟುಕಿಸಿ ಅಮ್ಮನ ಹಣೆ ನೋಡಿತು.

ಆದರೆ ಆ ದಿನದ ಶುಭಸಂದೇಶವೋ ತದ್ವಿರುದ್ಧ. ಮತ್ತಾಯ ಬರೆದ ಶುಭಸಂದೇಶದ ಆರನೇ ಅಧ್ಯಾಯ, ಯೇಸುವಿನ ಮಾತು: ಉಪವಾಸ ಮಾಡುವಾಗ ಮುಖ ಜೋಲು ಹಾಕಿಕೊಂಡು ಊರಿಗೆಲ್ಲ ತೋರಿಸಬೇಡ, ತಲೆಗೆ ಎಣ್ಣೆ ಹಚ್ಚು, ಮುಖ ತೊಳೆದುಕೋ. ಇದನ್ನು ಓದಿದ ಮೇಲೇ ಎಲ್ಲರ ಹಣೆಗೂ ಕಪ್ಪು ಗುರುತು! ಹೊರಗೆ ಬಂದ ಮೇಲೆ, ಹಾಗಾದರೆ ಒರೆಸಿಕೊಳ್ಳಬೇಕೋ ಬಿಡಬೇಕೋ ಎಂದೆ. ನರ್ಸಮ್ಮ ನಕ್ಕರು. "ಅದು ನಮ್ಮಪ್ಪನ ಕಾಲದಿಂದ ನಮ್ಮನೇಲಿ ನಡೆದಿರೋ ಜಗಳ. ಅಪ್ಪ ಒರೆಸಿಕೊಂಡೇ ಕೆಲಸಕ್ಕೆ ಹೋಗ್ತಿದ್ದ. ಅವ್ವ ಸಂಜೆ ತನಕ ಬಿಡ್ತಿದ್ಲು. ನನಗೆ ವಾರ್ಡಿನಾಗ ಬೆವರಿಗೇ ಹೋಗ್ತಿತ್ತು, ಹಂಗಾಗಿ ನಾನು ಯಾವ ಪಕ್ಷಕ್ಕೂ ಸೇರಲಿಲ್ಲ."

ಪ್ರಬೋಧನೆಯಲ್ಲಿ ಗುರುಗಳು ಮುಂದಿನ ಬುಧವಾರದ ವಾಚನವನ್ನು ಮೊದಲೇ ಎತ್ತಿಕೊಂಡಿದ್ದರು: ಬೈಬಲಿನ ಪ್ರವಾದಿ ಯೋನನ ಕಥೆ. ದೇವರು ಕಳಿಸಿದ ನಿನೆವೆಗೆ ಹೋಗಲೊಲ್ಲದೆ ಓಡಿ ಅವನು ಮೀನಿನ ಹೊಟ್ಟೆ ಸೇರಿದ ಪ್ರಸಂಗ ಎಲ್ಲರಿಗೂ ಗೊತ್ತು, ಅದರಾಚೆಗಿನದು ಅನೇಕರಿಗೆ ಗೊತ್ತಿಲ್ಲ. ನಿನೆವೆ ಅಸ್ಸೀರಿಯದ ಮಹಾನಗರ, ಇಂದಿನ ಇರಾಕಿನ ಮೊಸುಲ್ ಪಕ್ಕದಲ್ಲೇ ಅದರ ಪಾಳು ಇದೆ. ಇಸ್ರೇಲರಿಗೆ ಅದು ಶತ್ರುಗಳ ಊರು. ಅಲ್ಲಿಗೆ ಹೋಗಿ ಯೋನ ಹೇಳಿದ್ದು ಇಷ್ಟೇ: ಇನ್ನು ನಲವತ್ತು ದಿನ, ನಿನೆವೆ ನಾಶ. ಹೀಬ್ರೂ ಮೂಲದಲ್ಲಿ ಐದೇ ಪದ. ತಪ್ಪೇನು ಎಂದು ಹೇಳಲಿಲ್ಲ, ತಿದ್ದಿಕೊಂಡರೆ ಉಳಿಯುತ್ತೀರಿ ಎಂದೂ ಹೇಳಲಿಲ್ಲ. ಆದರೂ ಜನ ನಂಬಿ ಉಪವಾಸ ಕೂತರು, ಗೋಣಿತಟ್ಟು ಉಟ್ಟರು. ಸುದ್ದಿ ಅರಮನೆಗೆ ಮುಟ್ಟಿದ್ದೇ ಆಮೇಲೆ. ರಾಜ "ಯಾರವನು? ಯಾವ ಊರಿನವನು?" ಅನ್ನಲಿಲ್ಲ. ಸಿಂಹಾಸನದಿಂದ ಇಳಿದು, ರಾಜವಸ್ತ್ರ ತೆಗೆದು, ಬೂದಿಯಲ್ಲಿ ಕೂತ. ದನಕರುಗಳಿಗೂ ನೀರು ಮೇವು ಬೇಡ, ಅವಕ್ಕೂ ಗೋಣಿ ಹೊದಿಸಿ ಎಂದು ಸಾರಿಸಿದ. ದೇವರು ಮನಸ್ಸು ಬದಲಿಸಿದರೂ ಬದಲಿಸಬಹುದು, ಯಾರಿಗೆ ಗೊತ್ತು, ಅಂದ. ಖಾತ್ರಿ ಇಟ್ಟುಕೊಂಡು ಬಾಗಿದವನಲ್ಲ.

ದೇವರು ಊರನ್ನು ಉಳಿಸಿದ. ಯೋನನಿಗೆ ಕೆಂಡದಂಥ ಸಿಟ್ಟು.

ಈ ಸಿಟ್ಟನ್ನು ನಾನು ಬಹಳ ಕಡೆ ನೋಡಿದ್ದೇನೆ. ಪಶ್ಚಾತ್ತಾಪದ ಕರೆ ಕಿವಿಗೆ ಬಿದ್ದ ಕೂಡಲೇ ಇದು ಯಾರಿಗೆ ಸಲ್ಲಬೇಕು ಎಂದು ಮನಸ್ಸು ಒಂದು ಪಟ್ಟಿ ತಯಾರಿಸುತ್ತದೆ, ಪಟ್ಟಿಯಲ್ಲಿ ನಮ್ಮ ಹೆಸರೊಂದು ಇರುವುದಿಲ್ಲ. ಆ ಪಟ್ಟಿಯಲ್ಲಿದ್ದವನು ನಮಗಿಂತ ಮುಂಚೆ ತಲೆಬಾಗಿಬಿಟ್ಟರಂತೂ ಸಹಿಸಲಾಗುವುದಿಲ್ಲ. ರಾತ್ರಿಯ ಕಥೆಯಲ್ಲಿ ಬೇಡ, ಬೆಳಗಿನ ಕಥೆಯಲ್ಲಿ ಶತ್ರುರಾಜ. ಬಾಗುವ ಪಾತ್ರವನ್ನು ಎರಡು ಪುರಾಣಗಳೂ ಹೊರಗಿನವರಿಗೇ ಕೊಟ್ಟಿವೆ. ನಮ್ಮವರಿಗೆ ಕೊಟ್ಟಿದ್ದರೆ ನಂಬುವುದು ಕಷ್ಟವಾಗುತ್ತಿತ್ತೇನೋ.

ಚಿತ್ರದುರ್ಗದ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ರೈತರ ಹಣೆಯ ಮೇಲೆ ಹಿಂದಿನ ರಾತ್ರಿಯ ಮೂರು ಪಟ್ಟೆ ಇನ್ನೂ ಇತ್ತು. ಅವರು ನನ್ನ ಹಣೆ ನೋಡಿ, "ಇದ್ಯಾವ ಮಠದ್ದು?" ಎಂದರು. ಹೇಳಿದೆ. ಆನಗೋಡು ದಾಟುವಷ್ಟರಲ್ಲಿ ಯೋನನ ಕಥೆಯೂ ಮುಗಿದಿತ್ತು. ಅವರು ಸ್ವಲ್ಪ ಹೊತ್ತು ಹೊರಗಿನ ಮೆಕ್ಕೆಜೋಳದ ಕೂಳೆ ನೋಡುತ್ತಾ ಕೂತು, ತಮ್ಮದೊಂದು ಹೇಳಿದರು. ತಮ್ಮನ ಜೊತೆ ಬದುವಿನ ವ್ಯಾಜ್ಯ. ಕೋರ್ಟು ಸಾಕಾಗಿ ಸಿರಿಗೆರೆಗೆ ಹೋಗಿದ್ದರಂತೆ. ಅಲ್ಲಿ ತರಳಬಾಳು ಮಠದ ಸದ್ಧರ್ಮ ನ್ಯಾಯಪೀಠ ಸೋಮವಾರ ಸೋಮವಾರ ಇಂಥ ಜಗಳಗಳನ್ನು ಕೇಳುತ್ತದೆ.

"ಗುರುಗಳ ಮುಂದೆ ನಿಂತ್ಕಂಡಾಗ ತಪ್ಪು ನಂದೂ ಐತಿ ಅಂತ ನಾನೇ ಅನ್ನಬೇಕು ಅಂತಿದ್ದೆ. ಅಷ್ಟರಾಗ ನನ್ ತಮ್ಮ ಅಂದುಬಿಟ್ಟ. ಬದು ಬಿಟ್ಟುಕೊಟ್ಟ. ಕೆಲಸ ಆತಲ್ಲ, ಖುಷಿ ಪಡಬೇಕಲ್ಲ? ಮನೆಗೆ ಬರೋ ತನಕ ಹೊಟ್ಟೆ ಉರೀತು ನೋಡ್ರಿ."

"ಯೋನನ ಹಂಗೆ?"

"ಅವನಪ್ಪನಂಗೆ."

ಯೋನ ಊರ ಹೊರಗೆ ಗುಡಿಸಲು ಹಾಕಿ ಕೂತದ್ದನ್ನು ಹೇಳಿದೆ. ದೇವರು ನೆರಳಿಗೆ ಒಂದು ಗಿಡ ಬೆಳೆಸಿದ, ಮರುದಿನ ಹುಳ ಬಿಟ್ಟು ಒಣಗಿಸಿದ. ಅದು ಔಡಲ ಗಿಡವೇ ಇರಬೇಕು ಎನ್ನುವವರಿದ್ದಾರೆ. ಗಿಡ ಹೋಯಿತೆಂದು ಯೋನ ಸಾಯುವಷ್ಟು ದುಃಖಪಟ್ಟಾಗ ದೇವರು ಕೇಳಿದ: ನೀನು ನೆಡದ ಗಿಡಕ್ಕೆ ಇಷ್ಟು ಮರುಗುತ್ತೀಯ, ಬಲಗೈ ಎಡಗೈ ತಿಳಿಯದ ಒಂದು ಲಕ್ಷ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ, ಬೇಕಾದಷ್ಟು ದನಕರು ಇರುವ ಊರಿಗೆ ನಾನು ಮರುಗಬಾರದೆ? ಪುಸ್ತಕ ಆ ಪ್ರಶ್ನೆಗೇ ನಿಲ್ಲುತ್ತದೆ.

"ದನಾನೂ ಲೆಕ್ಕಕ್ಕೆ ತಗಂಡ್ನಲ್ಲ ದೇವ್ರು, ಅದು ಛಲೋ ಆತು" ಎಂದರು. ಭರಮಸಾಗರ ಬಂತು. ಚೀಲ ಎತ್ತಿಕೊಂಡು ಬಾಗಿಲವರೆಗೆ ಹೋಗಿ ತಿರುಗಿ ನಿಂತರು. "ಆದ್ರೆ ಆ ರಾಜ ದನಕ್ಕೆ ನೀರು ಬಿಡಬ್ಯಾಡ್ರಿ ಅಂದಿದ್ದು ತಪ್ಪು. ಅವೇನು ಮಾಡಿದ್ವು?" ಎಂದರು. ಕಂಡಕ್ಟರ್ ಸೀಟಿ ಊದಿದ.