ಕೇಸಿ: ದೈತ್ಯ ವಸ್ತುಗಳ ಪುಟ್ಟ ಊರಿಗೆ ಹೋಗುವವರಿಗೆ

ಅಮೆರಿಕದ ಇಂಡಿಯಾನಾಪೊಲಿಸ್‌ನಿಂದ ಸೇಂಟ್ ಲೂಯಿಸ್ ಕಡೆಗೆ ಇಂಟರ್‌ಸ್ಟೇಟ್ 70 ಹೆದ್ದಾರಿಯಲ್ಲಿ ಹೋಗುವ ಕನ್ನಡಿಗ ಕುಟುಂಬಗಳು, ವಿಶೇಷವಾಗಿ ಮಕ್ಕಳಿರುವವರು, ಇಲಿನಾಯ್ ರಾಜ್ಯದ ಕೇಸಿಯಲ್ಲಿ ಅರ್ಧ ದಿನ ತಂಗುವುದು ಒಳ್ಳೆಯದು. ಜನಸಂಖ್ಯೆ ಎರಡೂವರೆ ಸಾವಿರವನ್ನೂ ಮುಟ್ಟದ ಈ ಊರಿನಲ್ಲಿ ಗಿನ್ನೆಸ್ ದಾಖಲೆಗೆ ಸೇರಿದ ಹಲವು ದೈತ್ಯ ವಸ್ತುಗಳಿವೆ. ಸೊರಗುತ್ತಿದ್ದ ಊರಿಗೆ ಜನರನ್ನು ಕರೆತರಬೇಕೆಂದು ಸ್ಥಳೀಯ ಉದ್ಯಮಿ ಜಿಮ್ ಬೋಲಿನ್ 2011ರಲ್ಲಿ 55 ಅಡಿ ಎತ್ತರದ ಗಾಳಿಗಂಟೆಯನ್ನು (ವಿಂಡ್ ಚೈಮ್) ನಿಲ್ಲಿಸಿದರು; ಉಳಿದವೆಲ್ಲ ಅದರ ಬೆನ್ನಿಗೇ ಬಂದವು.

ಹೆದ್ದಾರಿಯಿಂದ 129ನೇ ನಿರ್ಗಮನದಲ್ಲಿ ಇಳಿದು, ಮುಖ್ಯ ಬೀದಿಯ ಬಳಿ ಕಾರು ನಿಲ್ಲಿಸಿ ನಡೆಯಿರಿ. ಗಾಳಿಗಂಟೆ, ಅಂಚೆ ಡಬ್ಬಿ, ತೂಗುಕುರ್ಚಿ, ಹಕ್ಕಿಪಂಜರ ಎಲ್ಲವೂ ಹತ್ತಿರದಲ್ಲೇ ಇವೆ, ನೋಡಲು ಶುಲ್ಕವೂ ಇಲ್ಲ. ಗಾಲ್ಫ್ ಟೀ, ಅಂದರೆ ಹೊಡೆಯುವ ಮುನ್ನ ಚೆಂಡನ್ನು ಇಡುವ ಗೂಟ, ಮಾತ್ರ ಊರಾಚೆಯ ಗಾಲ್ಫ್ ಮೈದಾನದಲ್ಲಿರುವುದರಿಂದ ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಗಾಳಿಗಂಟೆಯ ಹಗ್ಗವನ್ನು ನೀವೇ ಎಳೆದು ಬಾರಿಸಬಹುದು. ಆ ಉದ್ದನೆಯ ಕೊಳವೆಗಳಿಂದ ಹೊರಡುವ ತಗ್ಗು ದನಿ ದೇವಸ್ಥಾನದ ಗಂಟೆಯಂತೆ ನಿಧಾನವಾಗಿ ಕರಗುತ್ತದೆ. ಅದು ಪೂರ್ತಿ ನಿಲ್ಲುವವರೆಗೆ ಕಾದು ಕೇಳಿ. ನನಗೆ ಅತ್ಯಂತ ಹಿಡಿಸಿದ್ದು ಅಂಚೆ ಡಬ್ಬಿ. ಒಳಗಿನ ಮೆಟ್ಟಿಲು ಹತ್ತಿ ಮೇಲಿನಿಂದ ಬೀದಿಯನ್ನು ನೋಡಬಹುದಲ್ಲದೆ, ನಿಜವಾದ ಪತ್ರವನ್ನೇ ಅಂಚೆಗೆ ಹಾಕಬಹುದು. ಹೀಗಾಗಿ ವಿಳಾಸ ಬರೆದು ಸ್ಟಾಂಪು ಅಂಟಿಸಿದ ಕಾರ್ಡನ್ನು ಮನೆಯಿಂದಲೇ ಒಯ್ಯಿರಿ. ಭಾರತದಲ್ಲಿರುವ ಅಜ್ಜ ಅಜ್ಜಿಗೆ ಬರೆಯುವುದಾದರೆ ಅಂತರರಾಷ್ಟ್ರೀಯ ಸ್ಟಾಂಪು ಬೇಕಾಗುತ್ತದೆ.

ತೂಗುಕುರ್ಚಿಯ ಎತ್ತರ 56 ಅಡಿಗೂ ಹೆಚ್ಚು, ತೂಕ ಸುಮಾರು 21 ಟನ್. 2015ರಲ್ಲಿ ದಾಖಲೆ ಸಿಗಬೇಕಾದರೆ ಅದು ನಿಜಕ್ಕೂ ಹಿಂದೆ ಮುಂದೆ ತೂಗಾಡಬೇಕಿತ್ತು, ತೂಗಾಡಿಯೂ ತೋರಿಸಿತು. ಕುರ್ಚಿ ಪೂರ್ತಿ ಚಿತ್ರದಲ್ಲಿ ಬರಬೇಕಾದರೆ ಸಾಕಷ್ಟು ಹಿಂದೆ ಸರಿದು ನಿಲ್ಲಬೇಕು.

ಇಂಡಿಯಾನಾಪೊಲಿಸ್ ಕಡೆಯಿಂದ ಬರುವವರಿಗೆ ರಾಜ್ಯದ ಗಡಿ ದಾಟಿದೊಡನೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುವುದರಿಂದ ಸಮಯ ಉಳಿಯುತ್ತದೆ. ಮರಳುವಾಗ ಆ ಗಂಟೆ ಕಳೆದುಹೋಗುವುದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಿ. ಸಣ್ಣ ಊರಾದ್ದರಿಂದ ಸಸ್ಯಾಹಾರಿಗಳು ಪುಳಿಯೋಗರೆಯನ್ನೋ ಚಪಾತಿಯನ್ನೋ ಕಟ್ಟಿಕೊಂಡು ಹೋಗುವುದು ಲೇಸು. ಎಲ್ಲವೂ ಬಯಲಿನಲ್ಲಿರುವ ಕಾರಣ ಚಳಿಗಾಲಕ್ಕಿಂತ ವಸಂತ ಅಥವಾ ಸೆಪ್ಟೆಂಬರ್ ಹಿತಕರ. ಪಶ್ಚಿಮಕ್ಕೆ ಮುಂದುವರಿಯುವವರು ಅರ್ಧ ಗಂಟೆಯ ದಾರಿಯಲ್ಲಿರುವ ಎಫಿಂಗಮ್‌ನ 198 ಅಡಿ ಎತ್ತರದ ಬಿಳಿ ಶಿಲುಬೆಯನ್ನೂ ಅದೇ ದಿನ ನೋಡಿಕೊಂಡು ಹೋಗಬಹುದು.