ಕೊಪ್ಪಳದಲ್ಲಿ ಕಾರಿಗೆ ಕರೆಂಟು, ನಮಗೆ ಒಗ್ಗರಣಿ ಮಿರ್ಚಿ

ಬಳ್ಳಾರಿಯಿಂದ ಹುಬ್ಬಳ್ಳಿಗೆ ಸುಮಾರು 215 ಕಿ.ಮೀ. ನಮ್ಮ ಬ್ಯಾಟರಿ ಕಾರು ನೆಕ್ಸಾನ್ ಇವಿಯಲ್ಲಿರುವುದು 40.5 ಕಿಲೋವ್ಯಾಟ್ ಅವರ್, ಅಂದರೆ 40.5 ಯೂನಿಟ್ ಕರೆಂಟು ಹಿಡಿಯುವ ಬ್ಯಾಟರಿ. ಫುಲ್ ಚಾರ್ಜ್ ಮಾಡಿಕೊಂಡು ನಿಧಾನಕ್ಕೆ ಹೊರಟರೆ ಒಂದೇ ಓಟಕ್ಕೆ ಮುಟ್ಟಬಹುದು. ಆದರೆ ಆಷಾಢದಲ್ಲಿ ಪಶ್ಚಿಮಕ್ಕೆ ಹೋಗುವವರು ಗಾಳಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮುಂಗಾರು ಗಾಳಿ ಎದುರಿಗೇ ಬೀಸುತ್ತದೆ. ಗದಗದ ಸುತ್ತ ಅಷ್ಟೊಂದು ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ ಅಲ್ವಾ? ಹಾಗಾಗಿ ನಡುದಾರಿಯ ಕೊಪ್ಪಳದಲ್ಲಿ ಚಾರ್ಜಿಗೆ ನಿಲ್ಲೋಣ ಅಂತ ಅವ್ವನಿಗೆ ಮೊದಲೇ ಹೇಳಿದ್ದೆ.

ಶೇ 80 ಚಾರ್ಜಿಗೆ ಬಳ್ಳಾರಿ ಬಿಟ್ಟೆವು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಹೊಸಪೇಟೆ, ಮುನಿರಾಬಾದ್ ದಾಟಿ ಕೊಪ್ಪಳದ ಹತ್ತಿರ ಬಂದಾಗ ಶೇ 32 ಉಳಿದಿತ್ತು. ಹೆದ್ದಾರಿ ಪಕ್ಕದ ಒಂದು ಹೋಟೆಲಿನ ಹಿಂದೆ ಚಾರ್ಜರ್. ಬೋರ್ಡಿನ ಮೇಲೆ '60 ಕಿಲೋವ್ಯಾಟ್' ಅಂತ ದೊಡ್ಡದಾಗಿ ಬರೆದಿದೆ, ಅದು ಕರೆಂಟು ತುಂಬುವ ವೇಗ. ಕಾರಿಗೆ ಚುಚ್ಚುವ ಗನ್ ಎರಡು. ಮೇಲೆ ಸೂರಿಲ್ಲ, ಹನಿ ಮಳೆ ಬೇರೆ. ಮಳೆಯಲ್ಲಿ ಚುಚ್ಚಿದರೆ ಶಾಕ್ ಹೊಡೆಯುವುದಿಲ್ಲವೇ ಅಂತ ಅವ್ವನಿಗೆ ಹೆದರಿಕೆ. ಗನ್ ಸರಿಯಾಗಿ ಕೂತು, ಕಾರು ಮತ್ತು ಮಷೀನ್ ಒಂದಕ್ಕೊಂದು ಒಪ್ಪಿಗೆ ಕೊಡುವ ತನಕ ತಂತಿಯಲ್ಲಿ ಕರೆಂಟೇ ಹರಿಯುವುದಿಲ್ಲ ಎಂದು ಹೇಳಿದೆ. ಆಕೆಗೆ ಅಷ್ಟೇನೂ ನಂಬಿಕೆ ಬರಲಿಲ್ಲ.

ಆ್ಯಪ್ ಹಾಕಿಕೊಂಡು, ಒಟಿಪಿ ಕೊಟ್ಟು, ವ್ಯಾಲೆಟ್ಟಿಗೆ ದುಡ್ಡು ತುಂಬಿದೆ. ಪ್ರತಿ ಕಂಪನಿಗೂ ಒಂದೊಂದು ಆ್ಯಪ್, ಒಂದೊಂದು ವ್ಯಾಲೆಟ್. ಪೆಟ್ರೋಲ್ ಬಂಕಿನಲ್ಲಿ ಯಾರೂ ಇದನ್ನು ಸಹಿಸುತ್ತಿರಲಿಲ್ಲ. ಎಲ್ಲಾ ಮುಗಿಸಿ ಸ್ಟಾರ್ಟ್ ಒತ್ತಿದರೆ ಸ್ಕ್ರೀನಿನಲ್ಲಿ ಕೆಂಪು ಅಕ್ಷರ. ಕಸ್ಟಮರ್ ಕೇರಿಗೆ ಫೋನ್ ಹಚ್ಚಿದರೆ ಬರೀ ಸಂಗೀತ.

ಅಷ್ಟರಲ್ಲಿ ಹೋಟೆಲಿನ ಹುಡುಗನೊಬ್ಬ ತಟ್ಟೆ ಹಿಡಿದುಕೊಂಡೇ ಬಂದ. "ಸರ್, ಮಷೀನ್ ಚಲೋ ಐತ್ರಿ. ಸಣ್ಣ ಹುಡುಗ್ರು ಆ ಕೆಂಪು ಗುಂಡಿ ಒತ್ತಿ ಹೋಗ್ತಾರ" ಅಂದು, ಮಷೀನಿನ ಪಕ್ಕದ ಕೆಂಪು ಗುಂಡಿಯನ್ನು ತಿರುಗಿಸಿದ. ಟಕ್ ಅಂತ ಹೊರಗೆ ಬಂತು. ಅದು ತುರ್ತಾಗಿ ನಿಲ್ಲಿಸುವ ಗುಂಡಿ. ಒತ್ತಿದ್ದನ್ನು ಯಾರಾದರೂ ತಿರುಗಿಸಿ ಬಿಡಿಸುವ ತನಕ ಮಷೀನ್ ಏಳುವುದಿಲ್ಲ. ಎರಡು ನಿಮಿಷದಲ್ಲಿ ಚಾರ್ಜ್ ಶುರು. ಈ ಜಾಗಕ್ಕೆ ನಾನು ಕೊಡುವ ಅಂಕದಲ್ಲಿ ಅರ್ಧ ಆ ಹುಡುಗನಿಗೇ ಸಲ್ಲಬೇಕು.

ಮೊದಲು 45 ಕಿಲೋವ್ಯಾಟಿನಷ್ಟು ಎಳೆಯುತ್ತಿತ್ತು. ಪಕ್ಕದ ಗನ್ನಿಗೆ ಇನ್ನೊಂದು ಕಾರು ಬಂದದ್ದೇ 28ಕ್ಕೆ ಇಳಿಯಿತು. ಬೋರ್ಡಿನ 60 ಇಬ್ಬರಿಗೂ ಸೇರಿ ಅನ್ನುವುದನ್ನು ಎಲ್ಲೂ ಬರೆದಿಲ್ಲ. ಬರೆಯಬೇಕಿತ್ತು. ಆ ಕಾರಿನವರು ಗಂಗಾವತಿಯವರು. ಗನ್ ಚುಚ್ಚಿ ಸೀದಾ ಊಟಕ್ಕೆ ನಡೆದರು.

ನಾವೂ ಒಳಗೆ ಹೋದೆವು. ಬಿಸಿ ಒಗ್ಗರಣಿ ಮಿರ್ಚಿ. ಮಂಡಕ್ಕಿ ಹದವಾಗಿ ನೆನೆದಿತ್ತು, ಮೇಲೆ ಹುರಿಗಡಲೆ ಪುಡಿ ಧಾರಾಳ. ಮಿರ್ಚಿಯಂತೂ ಕಣ್ಣಲ್ಲಿ ನೀರು ತರಿಸಿತು. ಅವ್ವ ಎರಡನೇ ತಟ್ಟೆ ಹೇಳಿದಳು. ಶೌಚಾಲಯ ಚೊಕ್ಕಟ. ಅವ್ವನಂಥವರ ಜೊತೆ ಹೊರಟಾಗ ಚಾರ್ಜರಿಗಿಂತ ಮೊದಲು ನೋಡಬೇಕಾದದ್ದು ಇದನ್ನೇ.

ಶೇ 85 ಆದಾಗ ಗನ್ ಬಿಚ್ಚಿದೆ. 80 ದಾಟಿದ ಮೇಲೆ ಕಾರು ತಾನೇ ಚಾರ್ಜಿನ ವೇಗ ತಗ್ಗಿಸುತ್ತದೆ. 100 ಮಾಡಿಕೊಳ್ಳಲು ಕೂತರೆ ನಮಗೂ ಹೊತ್ತು, ಹಿಂದೆ ಬಂದವರಿಗೂ ಕಾಟ. ಯೂನಿಟ್ಟಿಗೆ 20 ರೂಪಾಯಿಯಂತೆ 23 ಯೂನಿಟ್ಟಿಗೆ 460, ಶೇ 18 ಜಿಎಸ್‌ಟಿ ಸೇರಿ 543 ರೂಪಾಯಿ. ಮನೆಯ ಕರೆಂಟಿಗೆ ಹೋಲಿಸಿದರೆ ಜಾಸ್ತಿಯೇ. ಹುಬ್ಬಳ್ಳಿಗೆ ಅಷ್ಟು ಚಾರ್ಜ್ ಸಾಕಾಯಿತು. ಮನೆ ಮುಟ್ಟಿದಾಗ ಇನ್ನೂ ಶೇ 27 ಇತ್ತು.

ನನ್ನ ತಕರಾರು ಬೇರೆ, ಚಾರ್ಜರ್ ಇರುವ ಜಾಗದ್ದು. ಕಾರು ಚಾರ್ಜಿಗೆ ನಿಂತಿದ್ದ ಆ ಮುಕ್ಕಾಲು ತಾಸು ನಾವು ಹೋಟೆಲಿಗೇ ಅಂಟಿಕೊಂಡಿದ್ದೆವು. ಚಾರ್ಜ್ ಮುಗಿದ ಮೇಲೆ ಊರೊಳಗೆ ಗವಿಮಠಕ್ಕೆ ಹೋದರೆ ಅಲ್ಲಿ ಮತ್ತೊಂದು ತಾಸು. ಗವಿಸಿದ್ಧೇಶ್ವರನ ದರ್ಶನ ಮಾಡಿ, ಬೆಟ್ಟದ ಬಂಡೆಯಲ್ಲಿ ಬ್ರಾಹ್ಮಿ ಲಿಪಿಯಲ್ಲಿರುವ ಅಶೋಕನ ಶಾಸನ ನೋಡಿ ಬಂದೆವು. ಕಾರು ಮಾತ್ರ ಅಷ್ಟೂ ಹೊತ್ತು ಸುಮ್ನೆ ನಿಂತಿತ್ತು.

ಬಾಣಾಪುರದ ಹತ್ತಿರ ಹೆದ್ದಾರಿ ಬಿಟ್ಟು ಇಟಗಿಗೆ ಹೋದಾಗಲೂ ಇದೇ ಕಥೆ. ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಗುಡಿ ಅದು. ಶಾಸನವೇ ಅದನ್ನು 'ದೇವಾಲಯ ಚಕ್ರವರ್ತಿ' ಎಂದು ಹೊಗಳುತ್ತದೆ. ಆ ಕಂಬಗಳ ನುಣುಪು ನೋಡುತ್ತಾ ನಿಂತರೆ ಎರಡು ತಾಸು ಹೋದದ್ದೇ ಗೊತ್ತಾಗುವುದಿಲ್ಲ. ಇಂಥ ಕಡೆ 60 ಕಿಲೋವ್ಯಾಟಿನ ದುಬಾರಿ ಮಷೀನ್ ಯಾರಿಗೂ ಬೇಡ. ನಿಧಾನಕ್ಕೆ ತುಂಬುವ 7 ಕಿಲೋವ್ಯಾಟಿನ ಸಾದಾ ಎಸಿ ಚಾರ್ಜರ್ ಇದ್ದರೂ ಎರಡು ತಾಸಿಗೆ ನಮ್ಮ ಬ್ಯಾಟರಿಯ ಮೂರನೇ ಒಂದು ಪಾಲು ತುಂಬುತ್ತದೆ. ಹೊರಡುವಾಗ ಗುಡಿಯ ಬಳಿ ಸಿಕ್ಕ ಹಿರಿಯರೊಬ್ಬರಿಗೆ ಇದನ್ನೇ ಹೇಳಿದೆ. ಅವರು ಕಾರನ್ನೊಮ್ಮೆ ಸುತ್ತಿ ನೋಡಿ, "ಕರೆಂಟ್ ಹೋದ್ರ ಏನ್ ಮಾಡ್ತೀರಿ?" ಅಂದರು. "ಬರೂತನಕ ಗುಡಿ ನೋಡ್ತೀವ್ರಿ ಯಜಮಾನ್ರ" ಅಂದೆ. "ಹಂಗಾದ್ರ ಹಾಕಿಸ್ರಿ" ಅಂದರು.