ಕೋಲು ಒಳಗೆ ಹೋಗಿತ್ತು

"ಸಾರ್, ಒಂದ್ಸಲ ಕೆಳಗಿಳಿದು ನೋಡಿ. ಕೋಲು ಒಳಗೇ ಹೋಗ್ತದೆ."

2019ರ ಆಗಸ್ಟ್ ಮಳೆ ನಿಂತು ಹತ್ತು ದಿನ ಆಗಿತ್ತು. ಆಗ ನಾನು ಮಲೆನಾಡಿನ ಒಂದು ಲೋಕೋಪಯೋಗಿ ಉಪವಿಭಾಗದಲ್ಲಿ ಎಇ, ಅಂದರೆ ಸಹಾಯಕ ಎಂಜಿನಿಯರ್. ಜಿಲ್ಲಾ ಮುಖ್ಯ ರಸ್ತೆಯಲ್ಲಿ ಎರಡು ವೆಂಟಿನ (ನೀರು ಹೋಗುವ ಕಂಡಿಯ) ಹಳೇ ಸೇತುವೆ. ಒಂದು ಕಡೆಯ ಅಪ್ರೋಚ್, ಅಂದರೆ ಸೇತುವೆಗೆ ಕೂಡುವ ರಸ್ತೆ, ಪೂರ್ತಿ ಕೊಚ್ಚಿಹೋಗಿತ್ತು. ನಮ್ಮ ಗ್ಯಾಂಗ್‌ಮನ್ ಮೊಣಕಾಲುದ್ದ ನೀರಲ್ಲಿ ನಿಂತು ಅಬಟ್‌ಮೆಂಟ್ (ಸೇತುವೆಯ ತುದಿ ಹೊರುವ ಗೋಡೆ) ಬುಡಕ್ಕೆ ಬಿದಿರು ಕೋಲು ತೂರಿಸಿ ತೋರಿಸುತ್ತಿದ್ದರು. ಎರಡೂವರೆ ಅಡಿ ಒಳಗೆ ಹೋಯಿತು. ಅಡಿಪಾಯದ ಫುಟಿಂಗ್ ಕೆಳಗೆ ಮಣ್ಣೇ ಇರಲಿಲ್ಲ.

ನಾನು ಮೇಲಿನಿಂದಲೇ ನೋಡಿ, "ಅದು ಈ ಹೆಡ್‌ನಲ್ಲಿ ಬರಲ್ಲ" ಅಂದೆ. ಹೆಡ್ ಅಂದರೆ ದುಡ್ಡು ಬರುವ ಲೆಕ್ಕದ ಶೀರ್ಷಿಕೆ.

ಆ ಮಾತು ಇವತ್ತಿಗೂ ಚುಚ್ಚುತ್ತದೆ.

ದುಡ್ಡು ಎಸ್‌ಡಿಆರ್‌ಎಫ್‌ದು, ಅಂದರೆ ರಾಜ್ಯ ವಿಪತ್ತು ಪರಿಹಾರ ನಿಧಿಯದು. ಮುಕ್ಕಾಲು ಪಾಲು ಕೇಂದ್ರದ್ದು, ಕಾಲು ಪಾಲು ರಾಜ್ಯದ್ದು. ಓಡಾಟ ಬೇಗ ಶುರು ಮಾಡುವುದಕ್ಕೆ ಮಾತ್ರ ಅದು. ಏರಿ ತುಂಬು, ಪಿಚಿಂಗ್ ಮಾಡು (ಇಳಿಜಾರಿಗೆ ಕಲ್ಲು ಜೋಡಿಸು), ಅಪ್ರೋಚ್ ತಾತ್ಕಾಲಿಕವಾಗಿ ಸರಿ ಮಾಡು, ರೇಲಿಂಗ್ ಕಟ್ಟು, ರಸ್ತೆಗೆ ಜಲ್ಲಿಯ ತಳಪದರ, ಅಂದರೆ ಜಿಎಸ್‌ಬಿ ಹಾಕು. ಆಗಿನ ನಾರ್ಮ್ಸ್ ಪ್ರಕಾರ ಜಿಲ್ಲಾ ಮುಖ್ಯ ರಸ್ತೆಗೆ ಕಿಲೋಮೀಟರ್‌ಗೆ 1 ಲಕ್ಷ ರೂಪಾಯಿ. ನಮ್ಮಲ್ಲಿ ಒಂದೇ ಕಿಲೋಮೀಟರ್‌ನಲ್ಲಿ ಮೂರು ಕಡೆ ಧರೆ ಜರಿದಿರುತ್ತದೆ. ರಸ್ತೆ ನಿರ್ವಹಣೆಯ ಹೆಡ್ 3054ರ ದುಡ್ಡು ಗುಂಡಿ ಮುಚ್ಚುವುದಕ್ಕೂ ಜಂಗಲ್ ಕಟಿಂಗ್‌ಗೂ ಹಂಚಿಹೋಗಿತ್ತು. ಹೊಸ ನಿರ್ಮಾಣದ ಹೆಡ್ 5054 ಅಂದರೆ ಬಜೆಟ್‌ನ ಕಾಮಗಾರಿ ಪಟ್ಟಿ ಅಪೆಂಡಿಕ್ಸ್-ಇ ಸೇರಬೇಕು. ಅದು ಯಾವ ಕಾಲಕ್ಕೋ.

ಇದೆಲ್ಲ ನಿಜವೇ. ಆದರೆ ಆಮೇಲೆ ಮಾಡಿದ್ದು ನನ್ನದೇ ತಪ್ಪು. ಎಸ್ಟಿಮೇಟ್‌ಗೆ ರಸ್ತೆ ಮೇಲಿನ ಫೋಟೋ ಮಾತ್ರ ಹಾಕಿದೆ. ಹಳ್ಳದೊಳಗಿನ ಫೋಟೋ ಹಾಕಿದರೆ ಇದು ರಿಪೇರಿಯಾ, ಮರುನಿರ್ಮಾಣವಾ ಅಂತ ಕ್ವೆರಿ ಬಿದ್ದು ಫೈಲ್ ವಾಪಸ್ ಬರುತ್ತದೆ ಅಂತ ನನ್ನ ಲೆಕ್ಕ. ಮಕ್ಕಳು ಅಡಿಕೆ ಮರದ ಸಂಕದ ಮೇಲೆ ಹಳ್ಳ ದಾಟುತ್ತಿದ್ದರು. ಬೇಗ ಆಗಲಿ, ಬುಡದ ಮಣ್ಣು ಕೊರೆದುಹೋದ ಸ್ಕೌರ್ ಬಗ್ಗೆ ಆಮೇಲೆ ಬರೆದರಾಯಿತು ಅಂದುಕೊಂಡೆ. ಬರೆಯಲೇ ಇಲ್ಲ.

ಮುಂದಿನ ಆಗಸ್ಟ್. ರಾತ್ರಿ ಒಂಬತ್ತೂವರೆಗೆ ಅದೇ ಗ್ಯಾಂಗ್‌ಮನ್ ಫೋನ್. "ರೇಲಿಂಗ್ ವಾಲಿದೆ ಸಾರ್, ಬನ್ನಿ."

ಹೋದಾಗ ನೀರು ಸ್ಲ್ಯಾಬ್‌ನಿಂದ ಎರಡಡಿ ಕೆಳಗಿತ್ತು. ಅಬಟ್‌ಮೆಂಟ್ ಮೇಲೆ ಅಡ್ಡ ಬಿರುಕು, ಬೆರಳು ಹೋಗುವಷ್ಟು. ಸುಣ್ಣದಕಡ್ಡಿಯಿಂದ ಗೆರೆ ಹಾಕಿ ಟಾರ್ಚ್ ಹಿಡಿದು ನಿಂತೆವು. ಅಷ್ಟರಲ್ಲಿ ಆ ಕಡೆ ಒಂದು ಜೀಪ್ ಬಂತು. ಒಳಗೆ ಜ್ವರ ಏರಿ ಫಿಟ್ಸ್ ಬಂದಿದ್ದ ಮಗು. ಅದರಪ್ಪ ಮಳೆಯಲ್ಲೇ ಕೂಗಿದರು, "ಒಂದೇ ಗಾಡಿ ಅಲ್ವಾ ಸಾರ್, ಬಿಡಿ."

2016ರಲ್ಲಿ ಮಹಾರಾಷ್ಟ್ರದ ಮಹಾಡ್‌ನ ಸಾವಿತ್ರಿ ನದಿ ಸೇತುವೆ ಹೋಗಿದ್ದೂ ಆಗಸ್ಟ್ ರಾತ್ರಿಯಲ್ಲೇ. ಎರಡು ಬಸ್ಸು ಜನರ ಸಮೇತ ನೀರುಪಾಲಾಗಿದ್ದವು. ನನ್ನ ಕಣ್ಣೆದುರು ಅದೇ ಇತ್ತು. ಜೀಪ್ ಬಿಟ್ಟರೆ ಏನಾಗುತ್ತದೋ ಗೊತ್ತಿಲ್ಲ. ಬಿಡದಿದ್ದರೆ ಮಗು. ಸುತ್ತಿ ಬರಲು 22 ಕಿಲೋಮೀಟರ್, ಅಲ್ಲೂ ಮರ ಬಿದ್ದಿತ್ತು. ಬಾಯಿಂದ ಮಾತೇ ಹೊರಡಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ. ಒಂದು ವರ್ಷದ ಹಿಂದೆ ಒಂದು ಪುಟ ಬರೆದಿದ್ದರೆ ಈ ತೀರ್ಮಾನ ನನ್ನ ತಲೆ ಮೇಲೆ ಬರುತ್ತಿರಲಿಲ್ಲ.

ಗ್ಯಾಂಗ್‌ಮನ್ ನನ್ನ ಅಪ್ಪಣೆಗೆ ಕಾಯಲಿಲ್ಲ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನಡೆದೇ ಆ ಕಡೆ ಹೋಗಿ ಮಗುವನ್ನು ಎತ್ತಿಕೊಂಡು ಬಂದರು. ಹಿಂದೆ ಅಪ್ಪ, ಆಮೇಲೆ ಅಮ್ಮ, ಒಬ್ಬೊಬ್ಬರಾಗಿ. ನಮ್ಮ ಗಾಡಿಯಲ್ಲಿ ತಾಲ್ಲೂಕು ಆಸ್ಪತ್ರೆಗೆ ಕಳಿಸಿದೆವು. ಮಗು ಉಳಿಯಿತು.

ಬೆಳಗಿನ ಜಾವ ಅಬಟ್‌ಮೆಂಟ್ ಕುಸಿದು ಸ್ಲ್ಯಾಬ್ ಒಂದು ಪಕ್ಕಕ್ಕೆ ವಾಲಿತು. ನಾವು ತುಂಬಿಸಿದ ಅಪ್ರೋಚ್ ಮಾತ್ರ ಹಾಗೇ ಇತ್ತು. ಪಿಚಿಂಗ್‌ನ ಒಂದು ಕಲ್ಲೂ ಅಲುಗಿರಲಿಲ್ಲ.

ಹೊಸ ಸೇತುವೆ ಆಗುವ ತನಕ ಎರಡು ಮಳೆಗಾಲ ಊರವರು ಸುತ್ತಿ ಓಡಾಡಿದರು. ಬೇಸಿಗೆಯಲ್ಲೇ ಬುಡ ಕೊರೆಯದಂತೆ ತಡೆಗೋಡೆ (ಕರ್ಟನ್ ವಾಲ್) ಕಟ್ಟಿ, ಬಂಡೆಕಲ್ಲಿನ ಹಾಸು (ಬೋಲ್ಡರ್ ಅಪ್ರಾನ್) ಹಾಕಿದ್ದರೆ ಹೊಸ ಸೇತುವೆಯ ಖರ್ಚಿನ ಸಣ್ಣ ಪಾಲಿನಲ್ಲಿ ಮುಗಿಯುತ್ತಿತ್ತು. ಆದರೆ ನಿರ್ವಹಣೆಯ ದುಡ್ಡು ಬಿಡುಗಡೆಯ ಪತ್ರ, ಅಂದರೆ ಎಲ್‌ಒಸಿ, ಬರುವುದೇ ಮಾರ್ಚ್‌ನಲ್ಲಿ. 31ರೊಳಗೆ ಖರ್ಚಾಗದಿದ್ದರೆ ಲ್ಯಾಪ್ಸ್. ಆಗ ಯಾರೂ ಹಳ್ಳಕ್ಕೆ ಇಳಿಯುವುದಿಲ್ಲ, ಬಿಲ್ ಆಗುವ ಕಡೆ ಡಾಂಬರು ಹಾಕುತ್ತಾರೆ. ಇದನ್ನು ಮೀಟಿಂಗ್‌ನಲ್ಲಿ ಎಷ್ಟು ಸಲ ಹೇಳಿದರೂ ಮಿನಿಟ್ಸ್‌ನಲ್ಲಿ ಬರುವುದಿಲ್ಲ.

ಈಗ ನಾನೇ ಕೋಲು ಹಿಡಿದು ಕೆಳಗಿಳಿಯುತ್ತೇನೆ. ಹೆಡ್‌ನಲ್ಲಿ ಬರಲಿ, ಬಿಡಲಿ, ಕಂಡಿದ್ದನ್ನು ಫೋಟೋ ಸಮೇತ ಬೇರೆ ಪತ್ರದಲ್ಲಿ ಬರೆದು ಇನ್‌ವರ್ಡ್ ನಂಬರ್ ತಗೊಳ್ಳುತ್ತೇನೆ. ಈ ವರ್ಷ ಇಂಥ ಹನ್ನೊಂದು ಪತ್ರ ಹೋಗಿವೆ. ಎರಡಕ್ಕೆ ದುಡ್ಡು ಬಂದಿದೆ. ಉಳಿದ ಒಂಬತ್ತರಲ್ಲಿ ಒಂದು ಸೇತುವೆ ಮೇಲೆ ದಿನಾ ಶಾಲೆ ಬಸ್ಸು ಹೋಗುತ್ತದೆ. ಜೂನ್‌ಗೆ ಮುಂಚೆ ಅದಕ್ಕೆ ಅಪ್ರಾನ್ ಆಗಲೇಬೇಕು. ಸೋಮವಾರ ಇಇ (ಕಾರ್ಯಪಾಲಕ ಎಂಜಿನಿಯರ್) ಸಾಹೇಬರನ್ನು ಮತ್ತೆ ಹೋಗಿ ಕಾಣುತ್ತೇನೆ.